ಕಂಪ್ಯೂಟರಿನಿಂದ ಪುಕ್ಕಟೆ ಎಸ್ಸೆಮ್ಮೆಸ್: ಕನ್ನಡವನ್ನು 70 ಅಕ್ಷರದೊಳಗೆ ಕೂರಿಸುವ ಲೆಕ್ಕ

ಹಾಲಿನ ಸೊಸೈಟಿ, ಶಾಲೆ, ನಿವಾಸಿಗಳ ಸಂಘ, ಇಂಥ ಕಡೆ ಸದಸ್ಯರಿಗೆ ಸುದ್ದಿ ಮುಟ್ಟಿಸುವ ಹೊಣೆ ಹೊತ್ತವರಿಗೆ ವಾಟ್ಸಾಪ್ ಒಂದೇ ಸಾಲದು. ಕೀಪ್ಯಾಡ್ ಫೋನಿನವರು ಇದ್ದೇ ಇರುತ್ತಾರೆ. ಅವರನ್ನು ಬಿಟ್ಟು ಸಭೆ ಕರೆಯುವುದು ಸರಿಯಲ್ಲ, ಹಾಗಾಗಿ ಎಸ್ಸೆಮ್ಮೆಸ್ ಕಳಿಸಲೇಬೇಕು.

ನಂಬರ್ ಹಾಕಿ ಮೆಸೇಜು ಬರೆದರೆ ಪುಕ್ಕಟೆ ಕಳಿಸುತ್ತೇವೆ ಎನ್ನುವ ವೆಬ್‌ಸೈಟುಗಳನ್ನು ಈ ಕೆಲಸಕ್ಕೆ ನಂಬಬೇಡಿ. ಒಂದು ಕಾಲಕ್ಕೆ ಅವು ಮೆಸೇಜಿನ ಬಾಲಕ್ಕೆ ಜಾಹೀರಾತು ಅಂಟಿಸಿ ಆ ದುಡ್ಡಿನಲ್ಲಿ ನಡೆಯುತ್ತಿದ್ದವು. ಈಗ ನಮ್ಮ ದೇಶದಲ್ಲಿ ಸಂಸ್ಥೆಗಳು ಗೇಟ್‌ವೇ (ಕಂಪ್ಯೂಟರಿನಿಂದ ಮೊಬೈಲ್ ಜಾಲಕ್ಕೆ ಮೆಸೇಜು ದಾಟಿಸುವ ಸೇವೆ) ಮೂಲಕ ಕಳಿಸುವ ಮೆಸೇಜಿಗೆ ಡಿಎಲ್‌ಟಿ ನೋಂದಣಿ (ಟೆಲಿಕಾಂ ಕಂಪನಿಗಳ ದಾಖಲೆಪಟ್ಟಿಯಲ್ಲಿ ಹೆಸರು ಬರೆಸುವುದು) ಬೇಕು. ಸಂಸ್ಥೆ, ಕಳಿಸುವವರ ಹೆಸರು, ಮೆಸೇಜಿನ ಒಕ್ಕಣೆ ಮೂರೂ ಮೊದಲೇ ದಾಖಲಾಗಿರಬೇಕು. ಒಕ್ಕಣೆ ತಾಳೆಯಾಗದಿದ್ದರೆ ಮೆಸೇಜು ದಾರಿಯಲ್ಲೇ ಬಿದ್ದುಹೋಗುತ್ತದೆ. ಪರದೆಯಲ್ಲಿ ಮಾತ್ರ ‘ಸೆಂಟ್’ ಎಂದು ತೋರಿಸುತ್ತಿರುತ್ತದೆ. ಅಮೆರಿಕದಲ್ಲಿ ಇಮೇಲನ್ನೇ ಎಸ್ಸೆಮ್ಮೆಸ್ ಮಾಡಿ ಮುಟ್ಟಿಸುವ ಪುಕ್ಕಟೆ ವ್ಯವಸ್ಥೆ ಇತ್ತು. ಅಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿ ಅದನ್ನು 2025ರ ಜೂನ್ 17ಕ್ಕೆ ನಿಲ್ಲಿಸಿತು.

ಉಳಿದಿರುವ ನೇರ ದಾರಿ ನಿಮ್ಮದೇ ಸಿಮ್. ಹಲವು ರೀಚಾರ್ಜ್ ಪ್ಯಾಕ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಸೇರಿಯೇ ಬರುತ್ತವೆ. ಗೂಗಲ್ ಮೆಸೇಜಸ್‌ನ ವೆಬ್ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು, ಫೋನಿನ ಆಪ್‌ನಲ್ಲಿ ‘ಡಿವೈಸ್ ಪೇರಿಂಗ್’ ಒತ್ತಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಎರಡೂ ಜೋಡಿಯಾಗುತ್ತವೆ. ಟೈಪ್ ಮಾಡುವುದು ಕಂಪ್ಯೂಟರಿನಲ್ಲಿ, ಮೆಸೇಜು ಹೊರಡುವುದು ಫೋನಿನಿಂದ. ಹಾಗಾಗಿ ಫೋನಿಗೆ ಇಂಟರ್ನೆಟ್ಟೂ ಬೇಕು, ಸಿಗ್ನಲ್ಲೂ ಬೇಕು. ಕಚೇರಿಯ ಕಂಪ್ಯೂಟರಾದರೆ ಕೆಲಸ ಮುಗಿದ ಕೂಡಲೇ ಜೋಡಿ ಬಿಡಿಸಿ, ಇಲ್ಲದಿದ್ದರೆ ನಿಮ್ಮ ಬ್ಯಾಂಕಿನ ಒಟಿಪಿಗಳೆಲ್ಲ ಆ ಪರದೆಯ ಮೇಲೆ ಬಂದು ಕೂರುತ್ತವೆ.

ಎಡವುವುದು ಹೆಚ್ಚಾಗಿ ಅಕ್ಷರದ ಲೆಕ್ಕದಲ್ಲಿ. ಒಂದು ಎಸ್ಸೆಮ್ಮೆಸ್ ಎಂದರೆ 140 ಬೈಟ್ ಜಾಗ, ಅಂದರೆ 1120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, 160 ಹಿಡಿಸುತ್ತದೆ. ಕನ್ನಡಕ್ಕೆ ಒಂದೊಂದಕ್ಕೂ 16 ಬಿಟ್, ಹಿಡಿಸುವುದು 70. ಇಂಗ್ಲಿಷ್ ಮೆಸೇಜಿನ ನಡುವೆ ಒಂದೇ ಒಂದು ಕನ್ನಡ ಅಕ್ಷರವೋ ₹ ಚಿಹ್ನೆಯೋ ನುಸುಳಿದರೂ ಇಡೀ ಮೆಸೇಜು 70ರ ಲೆಕ್ಕಕ್ಕೆ ಇಳಿಯುತ್ತದೆ. 70 ದಾಟಿದರೆ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಗುರುತಿಗೆ 6 ಬೈಟ್ ಹೋಗುವುದರಿಂದ ಒಂದೊಂದರಲ್ಲಿ ಉಳಿಯುವುದು 67.

ಈ 70 ಕಣ್ಣಿಗೆ ಕಾಣುವ ಅಕ್ಷರಗಳಲ್ಲ. ಕಾಗುಣಿತದ ಗುರುತು, ಒತ್ತು, ಸೊನ್ನೆ ಎಲ್ಲವೂ ಬೇರೆಬೇರೆ ಲೆಕ್ಕ. ‘ಸ್ತ್ರೀ’ ನೋಡಲು ಒಂದು, ಎಣಿಕೆಯಲ್ಲಿ ಆರು. ‘ಬ್ಯಾಂಕ್‌ನಲ್ಲಿ’ ಎಂದು ಬಿಡಿಸಿ ಬರೆದರೆ ನಡುವೆ ಕಾಣದ ಒಂದು ಅಕ್ಷರ ಸೇರಿ 13, ‘ಬ್ಯಾಂಕಿನಲ್ಲಿ’ ಎಂದರೆ 12. ಎರಡನೆಯದು ಕನ್ನಡಕ್ಕೂ ಚೆಂದ.

ಈ ಮೆಸೇಜು ನೋಡಿ: ‘ಮಾನ್ಯ ಸದಸ್ಯರೇ, ನಾಳೆ ಬೆಳಿಗ್ಗೆ 10 ಗಂಟೆಗೆ ಸಂಘದ ಕಚೇರಿಯಲ್ಲಿ ಸರ್ವ ಸದಸ್ಯರ ಸಭೆ ನಡೆಯಲಿದೆ. ದಯವಿಟ್ಟು ತಪ್ಪದೆ ಹಾಜರಾಗಿ.’ ಇದು 105, ಅಂದರೆ ಎರಡು ತುಂಡು. ಮೊದಲ ತುಂಡು ‘ಸರ್ವ ಸದಸ್ಯರ’ ಎಂಬಲ್ಲಿಗೆ ಮುಗಿಯುತ್ತದೆ. ಜೋಡಿಸಲು ಬಾರದ ಹಳೆಯ ಫೋನಿನಲ್ಲಿ ಎರಡನೆಯದೇ ಮೊದಲು ಬಂದರೆ ‘ಸಭೆ ನಡೆಯಲಿದೆ’ ಎಂದಷ್ಟೇ ಕಾಣುತ್ತದೆ, ಯಾವಾಗ ಎಂಬುದೇ ಇಲ್ಲ. ಅದನ್ನೇ ‘ನಾಳೆ ಬೆಳಿಗ್ಗೆ 10ಕ್ಕೆ ಸಂಘದ ಸಭೆ. ತಪ್ಪದೆ ಬನ್ನಿ. -ಕಾರ್ಯದರ್ಶಿ’ ಎಂದರೆ 56, ಒಂದೇ ತುಂಡು. ಪ್ಯಾಕಿನ 100 ಕೂಡ ತುಂಡಿನ ಲೆಕ್ಕವೇ. ಉದ್ದದ ಒಕ್ಕಣೆ 50 ಜನಕ್ಕೆ ಮುಟ್ಟಿದರೆ ಗಿಡ್ಡದ್ದು 100 ಜನಕ್ಕೆ ಮುಟ್ಟುತ್ತದೆ. ಅದರ ಮೇಲೆ ಹೋದದ್ದಕ್ಕೆ ದುಡ್ಡು ಕಟ್ ಆಗಬಹುದು. ‘ಮಾನ್ಯ’ ಬಿಟ್ಟರೆ ಮರ್ಯಾದೆ ಕಡಿಮೆಯಾಯಿತೆಂದು ಯಾರೂ ಬೇಸರಪಡುವುದಿಲ್ಲ, ‘ಬನ್ನಿ’ಯಲ್ಲೇ ಅದು ಇದೆ.

ಗುಂಪಿಗೆ ಕಳಿಸುವ ಮುಂಚೆ ಆಪ್ ಸೆಟ್ಟಿಂಗಿನಲ್ಲಿ ಗ್ರೂಪ್ ಮೆಸೇಜು ‘ಎಂಎಂಎಸ್’ (ಚಿತ್ರಗಳನ್ನೂ ಕಳಿಸಬಲ್ಲ ಬೇರೆ ಬಗೆಯ ಮೆಸೇಜು) ಎಂದಿದ್ದರೆ ತೆಗೆದು, ಪ್ರತಿಯೊಬ್ಬರಿಗೂ ಬೇರೆಬೇರೆ ಎಸ್ಸೆಮ್ಮೆಸ್ ಹೋಗುವಂತೆ ಬದಲಿಸಿ. ಆರ್‌ಸಿಎಸ್ ಚಾಟ್ (ಎಸ್ಸೆಮ್ಮೆಸ್ ಬದಲು ವಾಟ್ಸಾಪಿನಂತೆ ಕಳಿಸುವ ಸೌಲಭ್ಯ) ಕೂಡ ಆಫ್ ಮಾಡಿ. ಅದು ಡೇಟಾ ಮೇಲೆ ಹೋಗುವುದು, ಎದುರಿನವರ ನೆಟ್ ಬಂದ್ ಆಗಿದ್ದರೆ ಮೆಸೇಜು ಅಲ್ಲೇ ಕಾಯುತ್ತದೆ. ಒಂದೇ ಸಲ ನೂರಕ್ಕೆ ಒತ್ತಬೇಡಿ. ಇಪ್ಪತ್ತಿಪ್ಪತ್ತರಂತೆ, ನಡುವೆ ಬಿಡುವು ಕೊಟ್ಟು ಕಳಿಸಿ, ಇಲ್ಲದಿದ್ದರೆ ಫೋನೇ ತಡೆದು ನಿಲ್ಲಿಸಬಹುದು. ಈ ದಾರಿ ಸಭೆ, ರಜೆ, ನೀರು ಬಿಡುವ ಹೊತ್ತಿನಂಥ ಸುದ್ದಿಗೆ ಮಾತ್ರ. ಸಾಲ, ರಿಯಾಯಿತಿ, ಮಾರಾಟದ ಮೆಸೇಜನ್ನು ಹತ್ತಂಕಿಯ ಸ್ವಂತ ನಂಬರಿನಿಂದ ಕಳಿಸಿ ಯಾರಾದರೂ ಬೇಡದ ಮೆಸೇಜುಗಳ ದೂರಿನ ನಂಬರ್ 1909ಕ್ಕೆ ದೂರು ಕೊಟ್ಟರೆ ನಂಬರೇ ಬಂದ್ ಆಗಬಹುದು.

ಕೆಲವು ಕೀಪ್ಯಾಡ್ ಫೋನುಗಳಲ್ಲಿ ಕನ್ನಡದ ಬದಲು ಚೌಕದ ಡಬ್ಬಿಗಳು ಮೂಡುತ್ತವೆ. ಪಟ್ಟಿ ಮಾಡುವಾಗಲೇ ಅಂಥವರಿಗೆ ಒಂದು ಮೆಸೇಜು ಕಳಿಸಿ, ಫೋನ್ ಮಾಡಿ ‘ಓದೋಕೆ ಬರ್ತಿದೆಯಾ’ ಎಂದು ಕೇಳಿ. ಬಾರದವರ ಹೆಸರಿನ ಮುಂದೆ ಗುರುತು ಹಾಕಿಕೊಂಡು, ಅವರಿಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಕಳಿಸಿ. ಅದಕ್ಕೆ 160ರ ಜಾಗವೂ ಸಿಗುತ್ತದೆ.