ಕೆ.ಸಿ. ವ್ಯಾಲಿ ನೀರಿನ ಲೆಕ್ಕ: ಹಿಪ್ಪುನೇರಳೆ ತೋಟದಿಂದ ಇಲ್ಲಿಯವರೆಗಿನ ವರದಿ

ಬೋರ್‌ವೆಲ್ ಬಾಯಿಗೆ ನೀರಿನ ಮೀಟರ್ ಕೂರಿಸಿ ಒಂದು ವರ್ಷ ತುಂಬಿತು. ಒಂದೂವರೆ ಎಕರೆ ಹಿಪ್ಪುನೇರಳೆಗೆ, ಡ್ರಿಪ್‌ನಲ್ಲಿ, ವರ್ಷಕ್ಕೆ ಸುಮಾರು 40 ಲಕ್ಷ ಲೀಟರ್ ಹರಿದಿದೆ. ಈ ಒಂದು ಅಂಕಿ ಕೈಗೆ ಸಿಕ್ಕಮೇಲೆ ಉಳಿದ ಲೆಕ್ಕ ಹಾಕೋದು ಸುಲಭವಾಯ್ತು. ಬೆಂಗಳೂರಿನಿಂದ ಬರುವ ಸಂಸ್ಕರಿಸಿದ ನೀರಿನಿಂದ ಯಾರಿಗೆ ಎಷ್ಟು ಉಳಿಯುತ್ತೆ, ಯಾರು ಎಷ್ಟು ಕೊಡ್ತಾರೆ ಅನ್ನೋದು ನನ್ನ ಪ್ರಶ್ನೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ಪಂಪ್ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸ್ತಾರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಅಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟ್‌ಗೂ ಹೋಗಿತ್ತು. ಯೋಜನೆಯ ಗುರಿ ದಿನಕ್ಕೆ 44 ಕೋಟಿ ಲೀಟರ್. ಕೆರೆಯಿಂದಾಗಲಿ ಕಾಲುವೆಯಿಂದಾಗಲಿ ನೇರವಾಗಿ ಹೊಲಕ್ಕೆ ಎತ್ತುವ ಹಾಗಿಲ್ಲ. ನೀರು ಭೂಮಿಗೆ ಇಂಗಬೇಕು, ನಾವು ಬೋರ್‌ನಿಂದ ತೆಗೆಯಬೇಕು.

ಮೊದಲು ಸರ್ಕಾರದ ಖರ್ಚು ನೋಡಿ. ಯೋಜನೆಗೆ ಹಾಕಿದ್ದು ಸುಮಾರು 1,340 ಕೋಟಿ ರೂಪಾಯಿ. ಗುರಿಯಷ್ಟು ನೀರು ದಿನಾ ಹರಿದು, ಪೈಪು-ಪಂಪು 25 ವರ್ಷ ಬಾಳಿದರೆ ಸಾವಿರ ಲೀಟರ್‌ಗೆ ಮೂರೂವರೆ ರೂಪಾಯಿಯ ಹತ್ತಿರ ಬೀಳುತ್ತೆ. ಬಡ್ಡಿ, ಕರೆಂಟು, ಶುದ್ಧೀಕರಣ ಇದರ ಮೇಲೆ. ನೀರು ಕಮ್ಮಿ ಬಂದರೆ ಈ ದರ ಏರುತ್ತೆ. ಆದರೂ ಇದು ದುಬಾರಿ ನೀರಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಸಾವಿರ ಲೀಟರ್‌ಗೆ ನೂರು ರೂಪಾಯಿ ದಾಟುತ್ತೆ.

ಈಗ ನನ್ನ ಕಡೆಯ ಲೆಕ್ಕ. ಪಕ್ಕದ ತೋಟದವರು ಮೀಟರ್ ನೋಡಿ, "ಅಣ್ಣ, ಬೋರ್ ನೀರಿಗೆ ಯಾರಾದ್ರೂ ದುಡ್ಡು ಕೊಡ್ತಾರಾ, ಅದಕ್ಯಾಕೆ ಲೆಕ್ಕ?" ಅಂದರು. ಕೊಡ್ತೀವಿ, ಒಂದೇ ಸಲ ದೊಡ್ಡದಾಗಿ ಕೊಡ್ತೀವಿ. ಸಾವಿರದ ಇನ್ನೂರು ಅಡಿ ಕೊರೆಸಿ, ಕೇಸಿಂಗ್, ಪಂಪ್, ಪೈಪ್, ಕೇಬಲ್ ಹಾಕಿ ಮುಗಿಸೋ ಹೊತ್ತಿಗೆ ಐದು ಲಕ್ಷ ಕೈಬಿಡುತ್ತೆ. ಆ ಬೋರ್ ಐದು ವರ್ಷ ನೀರು ಕೊಟ್ಟರೆ ವರ್ಷಕ್ಕೆ ಒಂದು ಲಕ್ಷ. 40 ಲಕ್ಷ ಲೀಟರ್‌ಗೆ ಹಂಚಿದರೆ ಸಾವಿರ ಲೀಟರ್‌ಗೆ 25 ರೂಪಾಯಿ. ಮೊದಲು ಕೊರೆದದ್ದು ಒಣಗಿದ್ದರೆ ಅದರ ಖರ್ಚನ್ನೂ ಎರಡನೆಯದರ ನೀರೇ ಹೊರಬೇಕು. ಕೋಲಾರದಲ್ಲಿ ಒಂದೇ ಏಟಿಗೆ ನೀರು ಸಿಕ್ಕ ಮನೆಗಳು ಎಷ್ಟಿವೆ ಹೇಳಿ. ಕೆರೆ ತುಂಬಿದ ಮೇಲೆ ನಾನು ಹೊಸ ಬೋರ್ ಕೊರೆಸಿಲ್ಲ. ನನ್ನ ಜೇಬಿಗೆ ನಿಜವಾಗಿ ಉಳಿದದ್ದು ಇದೇ.

ನೀರಲ್ಲೇ ಗೊಬ್ಬರ ಇರುತ್ತೆ, ಯೂರಿಯಾ ಉಳಿಯುತ್ತೆ ಅಂತ ಬಹಳ ಜನ ಹೇಳ್ತಾರೆ. ಅದನ್ನೂ ಅಳೆದೆ. ನೀರಿನಲ್ಲಿ ಅದ್ದಿದರೆ ಬಣ್ಣ ಬದಲಾಗುವ ಟೆಸ್ಟ್ ಪಟ್ಟಿಯಲ್ಲಿ ನಮ್ಮ ಬೋರ್ ನೀರಿಗೆ ಲೀಟರ್‌ಗೆ 50 ಮಿಲಿಗ್ರಾಂ ನೈಟ್ರೇಟ್ ಅಂತ ಬಣ್ಣ ಬಂತು. ಇದರಲ್ಲಿ ಸಾರಜನಕ 11 ಮಿಲಿಗ್ರಾಂ ಮಾತ್ರ. ವರ್ಷದ ನೀರಿಗೆ 44 ಕೆಜಿ ಆಯ್ತು, ಅಂದರೆ 45 ಕೆಜಿಯ ಎರಡು ಮೂಟೆ ಯೂರಿಯಾದಷ್ಟು. ಸಬ್ಸಿಡಿ ದರದಲ್ಲಿ ಮೂಟೆಗೆ 266 ರೂಪಾಯಿ ಚಿಲ್ಲರೆ. ಒಟ್ಟು ಐನೂರ ಮೂವತ್ತು ರೂಪಾಯಿಯ ಉಳಿತಾಯ, ಅಷ್ಟೇ. ವಿ-1 ಅನ್ನೋ ಹಿಪ್ಪುನೇರಳೆ ತಳಿಗೆ ಎಕರೆಗೆ ವರ್ಷಕ್ಕೆ 140 ಕೆಜಿ ಸಾರಜನಕ ಬೇಕು, ಹಾಗಾಗಿ ನೀರಿನದು ಐದರಲ್ಲಿ ಒಂದು ಪಾಲು. ಅಷ್ಟನ್ನು ಗೊಬ್ಬರದಲ್ಲಿ ಕಡಿತ ಮಾಡಿದ್ದೇನೆ. ಸಾರಜನಕ ಜಾಸ್ತಿಯಾದ ಸೊಪ್ಪು ರೇಷ್ಮೆ ಹುಳಕ್ಕೆ ಒಳ್ಳೆಯದಲ್ಲ.

ಆದರೆ ಕುಡಿಯುವ ನೀರಿನಲ್ಲಿ ನೈಟ್ರೇಟ್ 45ರ ಒಳಗಿರಬೇಕು. ಅದೆಲ್ಲ ಕೆರೆಯಿಂದಲೇ ಬಂತು ಅನ್ನಲ್ಲ, ನಾವೇ ಹಾಕಿದ ಗೊಬ್ಬರದ್ದೂ ಇರಬಹುದು. ಎಲ್ಲಿಂದ ಬಂದಿದ್ದರೂ ಈ ನೀರು ಕುಡಿಯೋಕಾಗಲ್ಲ. ಊರಿನ ಘಟಕದಿಂದ ದಿನಕ್ಕೊಂದು ಕ್ಯಾನ್, ಐದು ರೂಪಾಯಿಯಂತೆ ತಂದರೂ ವರ್ಷಕ್ಕೆ 1,825 ರೂಪಾಯಿ. ಯೂರಿಯಾದಲ್ಲಿ ಉಳಿದದ್ದರ ಮೂರು ಪಟ್ಟಿಗಿಂತ ಜಾಸ್ತಿ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಇಲ್ಲಿನ ಜನ ಕೇಳುತ್ತಿರುವುದು ನ್ಯಾಯ. ಅದಿಲ್ಲದೆ ಉಳಿಸಿದ ಖರ್ಚು ಹೀಗೆ ಒಂದೊಂದೇ ಮನೆಯ ಲೆಕ್ಕಕ್ಕೆ ಬಂದು ಕೂರುತ್ತೆ.

ನನ್ನ ಮಟ್ಟಿಗೆ ದೊಡ್ಡ ವಿಷಯ ಕರೆಂಟು. ಬೋರ್‌ನ ನೀರಿನ ಮಟ್ಟ ನೋಡೋಕೆ ತೆಳು ಜೋಡಿ ವೈರಿನ ತುದಿ ಬಿಡಿಸಿ, ಕೇಸಿಂಗ್ ಮತ್ತು ಪೈಪಿನ ನಡುವಿನ ಸಂದಿಯಲ್ಲಿ ಇಳಿಸ್ತೀನಿ. ಹತ್ತಡಿಗೊಂದು ಕೆಂಪು ಟೇಪ್ ಸುತ್ತಿದ್ದೇನೆ. ಇನ್ನೊಂದು ತುದಿ ಮಲ್ಟಿಮೀಟರ್‌ಗೆ. ನೀರು ಮುಟ್ಟಿದ ಕೂಡಲೇ ಮುಳ್ಳು ಆಡುತ್ತೆ. ಕ್ಲ್ಯಾಂಪ್ ಹತ್ತಿರ ವೈರ್ ಸಿಕ್ಕಿಕೊಂಡರೆ ಎಳೆಯಬಾರದು, ಮೆಲ್ಲಗೆ ತಿರುಗಿಸಬೇಕು. ಕೆರೆ ತುಂಬುವ ಮೊದಲು ಪಂಪ್ ಓಡುವಾಗ ನೀರು ಸಾವಿರ ಅಡಿಯ ಹತ್ತಿರ ಇರ್ತಿತ್ತು, ಈಗ ಮುನ್ನೂರರ ಆಸುಪಾಸು. ಪಂಪ್ ಎಷ್ಟು ಆಳದಲ್ಲಿ ನೇತಾಡ್ತಿದೆ ಅನ್ನೋದು ಮುಖ್ಯವಲ್ಲ, ಓಡುವಾಗ ನೀರು ಎಲ್ಲಿ ನಿಲ್ಲುತ್ತೆ ಅನ್ನೋದೇ ಮುಖ್ಯ. ಪಂಪಿನ ದಕ್ಷತೆ ನೂರಕ್ಕೆ 40 ಅಂತ ಇಟ್ಟುಕೊಂಡರೆ, ಸಾವಿರ ಲೀಟರ್ ಎತ್ತೋಕೆ ಆಗ ಎರಡು ಯೂನಿಟ್ ಬೇಕಿತ್ತು, ಈಗ ಮುಕ್ಕಾಲು ಯೂನಿಟ್ಟೂ ಬೇಡ. ವರ್ಷಕ್ಕೆ ಐದು ಸಾವಿರ ಯೂನಿಟ್‌ಗಿಂತ ಜಾಸ್ತಿ ಉಳಿಯಬೇಕು.

ಆದರೆ ನನ್ನ ಎನರ್ಜಿ ಮೀಟರ್‌ನಲ್ಲಿ ಅಷ್ಟು ಉಳಿತಾಯ ಕಾಣಿಸಲಿಲ್ಲ. ಕಾರಣ ಗೇಟ್ ವಾಲ್ವ್. ಏಳೂವರೆ ಎಚ್‌ಪಿ ಮೋಟಾರು, ಸಾವಿರ ಅಡಿಗೆ ಅಂತ ಜೋಡಿಸಿದ ಸ್ಟೇಜುಗಳು (ಪಂಪಿನೊಳಗೆ ಒಂದರ ಮೇಲೊಂದು ಕೂತು ನೀರಿನ ಒತ್ತಡ ಏರಿಸುವ ಚಕ್ರಗಳು). ನೀರು ಮೇಲೆ ಬಂದಮೇಲೆ ಡ್ರಿಪ್ ತಡೆಯದಷ್ಟು ಒತ್ತಡ ಬರುತ್ತೆ. ಹಾಗಾಗಿ ಎಲ್ಲರೂ ವಾಲ್ವ್ ಅರ್ಧ ಮುಚ್ಚಿ ಓಡಿಸ್ತೀವಿ. ಉಳಿಯಬೇಕಾದ ಕರೆಂಟು ವಾಲ್ವ್‌ನಲ್ಲೇ ಹಾಳಾಗುತ್ತೆ. ಈಗಿನ ಮಟ್ಟಕ್ಕೆ 3 ಎಚ್‌ಪಿ ಸಾಕು. ಯಾಕೆ ಯಾರೂ ಬದಲಾಯಿಸಲ್ಲ? 10 ಎಚ್‌ಪಿವರೆಗೆ ನಮಗೆ ಕರೆಂಟು ಉಚಿತ. ಪಂಪಿನ ದುಡ್ಡು ನಾನು ಹಾಕಬೇಕು, ಉಳಿಯೋದು ಸಬ್ಸಿಡಿ ತುಂಬುವ ಸರ್ಕಾರಕ್ಕೆ. ಯೂನಿಟ್‌ಗೆ ಏಳು ರೂಪಾಯಿ ಹಿಡಿದರೂ ನನ್ನೊಂದು ಬೋರ್‌ನಲ್ಲೇ ವರ್ಷಕ್ಕೆ ಮೂವತ್ತೈದು ಸಾವಿರದ ಮೇಲಾಯ್ತು. ಅದರಲ್ಲಿ ಅರ್ಧ ಪಂಪ್ ಬದಲಾಯಿಸೋ ರೈತನಿಗೆ ಕೊಟ್ಟರೂ ಸರ್ಕಾರಕ್ಕೆ ಲಾಭವೇ. ಕೆರೆ ತುಂಬಿಸುವ ಯೋಜನೆಯ ಜೊತೆಗೇ ಇದೂ ಬರಬೇಕಿತ್ತು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಾನಂತೂ ಬದಲಾಯಿಸ್ತಿದ್ದೇನೆ, ಇನ್ನೊಂದು ಲೆಕ್ಕ ಕೈಹಿಡಿಯಿತು. ಮೋಟಾರ್ ಸುಟ್ಟಾಗ ಪೈಪ್ ಎತ್ತಿ ಇಳಿಸೋದಕ್ಕೆ ಅಡಿ ಲೆಕ್ಕದಲ್ಲಿ ಕೂಲಿ. ಪಂಪನ್ನು ಐನೂರು ಅಡಿಗೆ ನಿಲ್ಲಿಸಿದರೆ ಆ ಕೂಲಿ ಅರ್ಧ, ಜೊತೆಗೆ ಐನೂರು ಅಡಿ ಪೈಪು, ಕೇಬಲ್ಲು ಕೈಗೆ ಬರುತ್ತೆ. ಮುನ್ನೂರರ ನೀರಿಗೆ ಐನೂರು ಯಾಕೆ ಅಂದರೆ, ಬೆಂಗಳೂರಿನ ಪಂಪು ಒಂದು ಬೇಸಿಗೆ ನಿಂತರೂ ತೋಟ ಒಣಗಬಾರದು. ಎತ್ತಿದ ಪೈಪನ್ನು ಮಾರಲ್ಲ, ಶೆಡ್ಡಿನಲ್ಲೇ ಇಡ್ತೀನಿ.

ಪಂಪ್ ಎತ್ತುವವರು ಈ ಬೆಳೆಯ ಸೊಪ್ಪು ಕೊಯ್ದ ಮೇಲೆ ಬರ್ತಾರೆ. ಹೊಸ ಮೋಟಾರ್ ಕೂತ ಮೇಲೆ ವಾಲ್ವ್ ಪೂರ್ತಿ ತೆರೆದು, ಸಾವಿರ ಲೀಟರ್‌ಗೆ ಎಷ್ಟು ಯೂನಿಟ್ ಅನ್ನೋದನ್ನು ಮುಂದಿನ ವರದಿಯಲ್ಲಿ ಹಾಕ್ತೀನಿ. ನಿಮ್ಮ ಕಡೆ ಯಾರಾದರೂ ಹೀಗೆ ಅಳೆದಿದ್ದರೆ ಮಟ್ಟ, ಎಚ್‌ಪಿ, ಯೂನಿಟ್ ಮೂರನ್ನೂ ತಿಳಿಸಿ.