ಬಟನ್ ಒತ್ತಿದರೆ ಎರಡನೇ ಚರಣ

ಹಾಡಿನ ಸ್ಮಾರಕದ ಕಲ್ಲಿನ ಮುಂದಿದ್ದ ಬಟನ್ ಒತ್ತಿದೆ. ಹಾಡು ಮೊದಲಿನಿಂದ ಬರುತ್ತೆ ಅಂದುಕೊಂಡಿದ್ದೆ. ಅದು ಸೀದಾ ಎರಡನೇ ಚರಣಕ್ಕೇ ಹೋಯಿತು. ಅದೂ ಎಷ್ಟು ಜೋರಾಗಿ! ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ನವೆಂಬರ್ ಕೊನೆಯ ವಾರ, ಮಧ್ಯಾಹ್ನ ಮೂರೂವರೆಗೇ ಬೆಳಕು ಇಳಿಯುತ್ತಿತ್ತು. ಗಾಳಿ ಟೋಪಿ ತಲೆ ಮೇಲೆ ನಿಲ್ಲೋಕೆ ಬಿಡುತ್ತಿರಲಿಲ್ಲ. ಆ ಗಾಳಿಯನ್ನೂ ಸೀಳಿಕೊಂಡು ಗಾಯಕಿ ಇಶಿಕಾವಾ ಸಯೂರಿಯ ದನಿ ಕಡಲ ಕಡೆ ಹೋಯಿತು.

ಅರ್ಧ ಸಾಲು ಕೇಳುವಷ್ಟರಲ್ಲಿ ಗೊತ್ತಾಯಿತು, ಯಾಕೆ ಎರಡನೇ ಚರಣ ಅಂತ. ಈ ಜಾಗದ ಹೆಸರು ಬರೋದೇ ಅಲ್ಲಿ. ಈ ಜಾಗ ಅಂದರೆ ತಪ್ಪಿ ಭೂಶಿರ, ಜಪಾನಿನ ದೊಡ್ಡ ದ್ವೀಪ ಹೊನ್ಶೂದ ಉತ್ತರದ ಒಂದು ತುದಿ. ಎದುರಿಗೆ ತ್ಸುಗಾರು ಜಲಸಂಧಿ. ಅದರಾಚೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹೊಕ್ಕೈದೊ.

ಹಾಡಿನ ಹೆಸರು 'ತ್ಸುಗಾರು ಕೈಕ್ಯೊ ಫುಯುಗೆಶಿಕಿ'. ತ್ಸುಗಾರು ಜಲಸಂಧಿಯ ಚಳಿಗಾಲದ ನೋಟ ಅಂತ ಅರ್ಥ. 1977ರ ಜನವರಿ 1ರಂದು ಬಂದ ಹಾಡು. ಬರೆದವರು ಆಕು ಯೂ, ರಾಗ ಹಾಕಿದವರು ಮಿಕಿ ತಕಾಶಿ. ಹಾಡಿದ ಸಯೂರಿಗೆ ಆಗ 18 ವರ್ಷ. ಆಕೆ ಹುಟ್ಟಿದ್ದು ದಕ್ಷಿಣದ ಕುಮಾಮೊತೊದಲ್ಲಿ. ಹಿಮದ ಊರಿನ ಹುಡುಗಿಯೇ ಅಲ್ಲ, ಆದರೂ ಕೇಳಿದವರಿಗೆ ಮೈ ಕೊರೆಯುತ್ತದೆ. ಯೊಕೊಹಾಮಾದಲ್ಲಿ ನಮ್ಮ ಆಫೀಸಿನ ಹಿರಿಯರೊಬ್ಬರು ಕರಾವೊಕೆಯಲ್ಲಿ ಹಾಡಿದಾಗ ನಾನು ಮೊದಲು ಕೇಳಿದ್ದು. ಆಮೇಲೆ ಆರು ತಿಂಗಳು ರೈಲಿನಲ್ಲಿ ಬರ್ತಾ ಹೋಗ್ತಾ ಅದೇ ಹಾಡು.

ಕಥೆ ಚಿಕ್ಕದು. ಒಬ್ಬ ಹೆಂಗಸು ಟೋಕಿಯೊದ ಉವೆನೊದಿಂದ ರಾತ್ರಿ ರೈಲು ಹತ್ತಿ ಬಂದು ಅವೊಮೊರಿಯಲ್ಲಿ ಇಳಿಯುತ್ತಾಳೆ. ಸ್ಟೇಷನ್ ಹಿಮದಲ್ಲಿ ಮುಳುಗಿದೆ. ಉತ್ತರಕ್ಕೆ ಹೋಗುವ ಜನ ಯಾರೂ ಮಾತಾಡುತ್ತಿಲ್ಲ, ಕಡಲ ಮೊರೆತ ಮಾತ್ರ ಕೇಳುತ್ತಿದೆ. ಒಬ್ಬಳೇ ಹೊಕ್ಕೈದೊ ಹಡಗು ಹತ್ತುತ್ತಾಳೆ. ಎರಡನೇ ಚರಣದಲ್ಲಿ ಯಾರೋ ಅಪರಿಚಿತರು ಕೈ ತೋರಿಸಿ, ಅಗೋ ಅದೇ ತಪ್ಪಿ, ಉತ್ತರದ ಕೊನೆ ಅನ್ನುತ್ತಾರೆ. ಉಸಿರಿಗೆ ಮಂಜು ಕಟ್ಟಿದ ಕಿಟಕಿ ಗಾಜನ್ನು ಅವಳು ಒರೆಸುತ್ತಾಳೆ. ಕಾಣೋದು ದೂರದ ಮಸುಕು, ಅಷ್ಟೆ. ಕನ್ನಡದ ಕಿವಿಗೆ ತಪ್ಪಿ ಅಂದರೆ ಕೈತಪ್ಪಿ ಹೋದದ್ದೇ ನೆನಪಾಗುತ್ತದೆ. ಅವಳಿಗೆ ಕೈತಪ್ಪಿದ ಆ ಜಾಗಕ್ಕೇ ಬಂದು ನಿಂತಿದ್ದೇನಲ್ಲ ಅನ್ನಿಸಿ ಗಂಟಲು ಕಟ್ಟಿತು. ಬಟನ್ ಮತ್ತೆ ಒತ್ತಿದೆ. ಒಟ್ಟು ನಾಲ್ಕು ಸಲ.

ಹಿಂದಿನ ದಿನ ಅವೊಮೊರಿ ಬಂದರಿನಲ್ಲೂ ಇದೇ ಹಾಡಿನ ಸ್ಮಾರಕ ನೋಡಿದ್ದೆ. ಪಕ್ಕದಲ್ಲೇ ಹಳೆಯ ಫೆರಿ ಹಡಗು ಹಕ್ಕೋದಾ ಮಾರು ನಿಂತಿದೆ, ಈಗ ಮ್ಯೂಸಿಯಂ. ಅಲ್ಲಿ ಹತ್ತಿರ ಹೋದರೆ ಸಾಕು, ಹಾಡು ತಾನಾಗಿ ಶುರುವಾಗುತ್ತದೆ. ನನಗದು ಇಷ್ಟವಾಗಲಿಲ್ಲ. ಬೇಕು ಅನ್ನಿಸಿದವರು ಕೈಯಾರೆ ಒತ್ತಿ ಕೇಳಬೇಕು. ಈ ಹಾಡಿಗೆ ಅಷ್ಟು ಮರ್ಯಾದೆ ಸಲ್ಲಬೇಕು.

ತಪ್ಪಿಗೆ ಬಂದ ಪಾಡು ಮಾತ್ರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನ ಹತ್ತಿರ ಇದ್ದ ಗೈಡ್ ಪುಸ್ತಕದಲ್ಲಿ ತಪ್ಪಿಗೆ ಹತ್ತಿರದ ಮಿನ್‌ಮಾಯಾವರೆಗೆ ರೈಲು ಅಂತ ಬರೆದಿತ್ತು. 2022ರ ಆಗಸ್ಟ್ ಮಳೆಗೆ ಹಳಿ ಹಾಳಾಗಿ, ಕಾನಿತಾದಿಂದ ಮುಂದೆ ರೈಲೇ ಇಲ್ಲ. ಕಾನಿತಾದಲ್ಲಿ ಇಳಿದ ಮೇಲೆ ಗೊತ್ತಾಯಿತು. ಹಲವರು ಸೇರಿ ಹೋಗುವ ಟ್ಯಾಕ್ಸಿ ಇದೆ, ಆದರೆ ನಾನು ಮೊದಲೇ ಬುಕ್ ಮಾಡಿರಲಿಲ್ಲ. ಆ ಚಳಿಯಲ್ಲಿ ಎರಡೂವರೆ ಗಂಟೆ ಕಾದೆ. ತಪ್ಪಿಗೆ ಬಂದರೆ, ಹೊಕ್ಕೈದೊಗೆ ಕಡಲ ಕೆಳಗೆ ಹೋಗುವ ರೈಲು ಸುರಂಗದ ಮ್ಯೂಸಿಯಂಗೂ ಬೀಗ. ನವೆಂಬರ್ ಶುರುವಿನಲ್ಲಿ ಮುಚ್ಚಿದರೆ ತೆರೆಯೋದು ಏಪ್ರಿಲ್ ಕೊನೆಗೇ ಅಂತೆ. ಹೋಗುವವರು ಇವೆರಡನ್ನೂ ಮೊದಲೇ ವಿಚಾರಿಸಿಕೊಳ್ಳಿ.

ದೀಪಸ್ತಂಭದ ಕಡೆಯಿಂದ ಕೆಳಗಿನ ಬಂದರಿಗೆ ಮೆಟ್ಟಿಲು ಇಳಿದೆ. 362 ಮೆಟ್ಟಿಲು. ಇದು ಲೆಕ್ಕಕ್ಕೆ ರಾಷ್ಟ್ರೀಯ ಹೆದ್ದಾರಿ 339! ಬೋರ್ಡೂ ಇದೆ. ಜಪಾನಿನಲ್ಲಿ ಮೆಟ್ಟಿಲೇ ಹೆದ್ದಾರಿ ಆಗಿರೋದು ಇದೊಂದೇ.

ಕೆಳಗೆ ನಾನು ಉಳಿದುಕೊಂಡಿದ್ದು ಎಪ್ಪತ್ತು ದಾಟಿದ ಹೆಂಗಸೊಬ್ಬರು ನಡೆಸುವ ಸಣ್ಣ ಮಿನ್‌ಶುಕುವಿನಲ್ಲಿ, ಅಂದರೆ ಮನೆಯವರೇ ನಡೆಸುವ ಲಾಡ್ಜಿನಲ್ಲಿ. ಎಲ್ಲರೂ ಅವರನ್ನು 'ಒಕಾಸಾನ್' ಅಂತಾರೆ, ಅಂದರೆ ಅಮ್ಮ. ನಾನೂ ಹಾಗೇ ಕರೆದೆ. ಬಾಗಿಲು ತೆಗೆದವರೇ ಕೇಳಿದರು, "ನಾಲ್ಕು ಸಲ ಒತ್ತಿದ್ದು ನೀವೇನಾ?"

ನನಗೆ ಸಂಕೋಚವಾಯಿತು. ದಿನಾ ಕೇಳಿ ಕೇಳಿ ಬೇಜಾರಾಗಲ್ವಾ ಅಮ್ಮಾ ಅಂದೆ.

"ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೂ ಅದೇ. ಚಳಿಗಾಲದಲ್ಲಿ ಕೇಳಿಸಿದರೆ ಖುಷಿ. ಎರಡು ದಿನ ಕೇಳಿಸಲಿಲ್ಲ ಅಂದ್ರೆ ರಸ್ತೆ ಮುಚ್ಚಿದೆ ಅಂತ ಲೆಕ್ಕ."

ರಾತ್ರಿ ಊಟಕ್ಕೆ ಕಯಾಕಿ ಮಾಡಿದ್ದರು. ಅಂಗೈಗಿಂತ ದೊಡ್ಡ ಕಡಲ ಕಪ್ಪೆಚಿಪ್ಪು. ಅದನ್ನೇ ಬಾಣಲೆ ಮಾಡಿಕೊಂಡು ಒಲೆ ಮೇಲಿಟ್ಟು, ನೀರು, ಮಿಸೊ ಅನ್ನೋ ಸೋಯಾ ಪೇಸ್ಟ್, ಚಿಪ್ಪಿನ ಮಾಂಸ ಹಾಕಿ, ಕುದಿ ಬಂದಾಗ ಮೊಟ್ಟೆ ಒಡೆದು ಸುರಿದರು. ಚಿಪ್ಪಿನ ಅಂಚು ವರ್ಷಗಟ್ಟಲೆ ಬೆಂಕಿ ಕಂಡು ಕಪ್ಪಾಗಿತ್ತು. ಟೋಕಿಯೊದ ಯಾವ ದೊಡ್ಡ ಹೋಟೆಲಿನ ಊಟವೂ ನನಗೆ ಇಷ್ಟು ರುಚಿಸಿಲ್ಲ.

ಒಕಾಸಾನ್ ಅವರ ಅಪ್ಪ ರೈಲ್ವೆಯವರು ನಡೆಸುತ್ತಿದ್ದ ಸೇಕಾನ್ ಫೆರಿಯಲ್ಲಿ ಅಡುಗೆಯವರಾಗಿದ್ದರಂತೆ. ಅವೊಮೊರಿಯಿಂದ ಹೊಕ್ಕೈದೊದ ಹಾಕೊದಾತೆಗೆ ನಾಲ್ಕು ಗಂಟೆಗೆ ಹತ್ತಿರ ಹತ್ತಿರದ ದಾರಿ. "ಹಾಡಿನಲ್ಲಿ ಜನ ಸುಮ್ನೆ ಇರ್ತಾರೆ ಅಂತ ಇದೆಯಲ್ಲ, ಅಪ್ಪ ನಗ್ತಿದ್ರು. ರೈಲು ನಿಂತ ತಕ್ಷಣ ಎಲ್ಲರೂ ಹಡಗಿಗೆ ಓಡ್ತಿದ್ರಂತೆ, ಒಳ್ಳೆ ಜಾಗ ಹಿಡಿಯೋಕೆ. ಓಡುವವರಿಗೆ ಮಾತೆಲ್ಲಿ ಬರುತ್ತೆ?"

ಆಮೇಲೆ ದನಿ ಇಳಿಸಿದರು. "ನಮ್ಮೆಜಮಾನ್ರು ಇದೇ ತಪ್ಪಿಯಲ್ಲಿ ಸುರಂಗ ತೋಡೋಕೆ ಬಂದವರು."

ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ. 1954ರ ಸೆಪ್ಟೆಂಬರಿನಲ್ಲಿ ತೋಯಾ ಮಾರು ಎಂಬ ಫೆರಿ ಬಿರುಗಾಳಿಗೆ ಸಿಕ್ಕಿ ಮುಳುಗಿ 1,155 ಜನ ತೀರಿಕೊಂಡಿದ್ದರು. ಕಡಲ ಕೆಳಗೆ ದಾರಿ ಬೇಕು ಅನ್ನೋ ಮಾತಿಗೆ ಬಲ ಬಂದದ್ದು ಆ ದುರಂತದಿಂದ. 53.85 ಕಿಲೋಮೀಟರ್ ಉದ್ದದ ಆ ಸುರಂಗಕ್ಕಾಗಿ 34 ಜನ ಜೀವ ಕೊಟ್ಟರು. ಅವರ ಸ್ಮಾರಕವೂ ಇದೇ ಊರಿನಲ್ಲಿದೆ. ಸುರಂಗದಲ್ಲಿ ರೈಲು ಓಡಲು ಶುರುವಾದದ್ದು 1988ರ ಮಾರ್ಚ್ 13ಕ್ಕೆ. ಅದೇ ದಿನ ಫೆರಿ ನಿಂತಿತು.

"ಅವತ್ತು ಮನೆಯಲ್ಲಿ?" ಅಂದೆ.

"ಅಪ್ಪ ಆಗಲೇ ರಿಟೈರ್ ಆಗಿದ್ರು. ಕೊನೇ ಹಡಗು ನೋಡೋಕೆ ಅವೊಮೊರಿಗೆ ಹೋಗಿ ಬಂದು ಗೋಡೆ ಕಡೆ ತಿರುಗಿ ಮಲಗಿದ್ರು. ಇವರು ಗೆಳೆಯರನ್ನ ಕರ್ಕೊಂಡು ಬಂದಿದ್ರು, ಸಾಕೆ ಕುಡಿಯೋಕೆ. ಒಬ್ಬರಿಗೆ ಸಾವು, ಒಬ್ಬರಿಗೆ ಹಬ್ಬ. ಯಾವ ಅಡುಗೆ ಮಾಡಲಿ? ಇದನ್ನೇ ಮಾಡಿದೆ." ಚಿಪ್ಪಿನ ಕಡೆ ಗಲ್ಲ ಆಡಿಸಿದರು. "ಕುಡಿದ ಮೇಲೆ ಇವರು ಆ ಹಾಡು ಶುರು ಮಾಡಿದ್ರು. ಬೈಯೋಣ ಅಂತ ಎದ್ದೆ. ಅಷ್ಟರಲ್ಲಿ ಒಳಗಿಂದ ಅಪ್ಪನೂ ಹಾಡಿದ್ರು, ಮಲಗಿದಲ್ಲೇ."

ಜಪಾನಿನಲ್ಲಿ ಇಂಥ ಊರಿನ ಹಾಡುಗಳಿಗೆ 'ಗೋತೋಚಿ ಸಾಂಗ್' ಅನ್ನುತ್ತಾರೆ. ಸಯೂರಿಯದೇ ಇನ್ನೊಂದು ದೊಡ್ಡ ಹಾಡು 1986ರ 'ಅಮಾಗಿ ಗೋಯೆ'. ಅದರ ಬೆನ್ನು ಹತ್ತಿ ಇಜುವಿನ ಅಮಾಗಿ ಬೆಟ್ಟಕ್ಕೂ ಹೋಗಿ ಬಂದಿದ್ದೇನೆ. ಕಾಡು, ಜಲಪಾತ ಎಲ್ಲ ಚೆನ್ನಾಗಿದೆ. ಆದರೆ ಅಲ್ಲಿ ಹಾಡು ಹುಡುಕಿದರೆ ಬೆಟ್ಟ ಮಾತ್ರ ಸಿಕ್ಕಿತು. ಇಲ್ಲಿ ಹಾಗಲ್ಲ.

ರಾತ್ರಿಯೆಲ್ಲಾ ಹಿಮ ಬಿತ್ತು. ಬೆಳಿಗ್ಗೆ ಎದ್ದಾಗ ಬಂದರಿನ ದೋಣಿಗಳು ಬೆಳ್ಳಗಾಗಿದ್ದವು. ಒಂಬತ್ತಕ್ಕೆ ಬುಕ್ ಮಾಡಿದ್ದ ಟ್ಯಾಕ್ಸಿ ಬರುತ್ತೋ ಇಲ್ವೋ ಅಂತ ಬಾಗಿಲಲ್ಲೇ ಚಡಪಡಿಸುತ್ತಿದ್ದೆ. ಒಕಾಸಾನ್ ಅಂಗಳದ ಹಿಮ ತಳ್ಳುತ್ತಿದ್ದರು. ಆಗ ಮೇಲಿನಿಂದ, ಗಾಳಿಯಲ್ಲಿ ತುಂಡು ತುಂಡಾಗಿ, ಎರಡನೇ ಚರಣ ಕೇಳಿಸಿತು.

ಒಕಾಸಾನ್ ತಲೆ ಎತ್ತಲಿಲ್ಲ. ಸಲಿಕೆ ನಿಲ್ಲಿಸದೇ ಹೇಳಿದರು, "ರಸ್ತೆ ತೆರೆದಿದೆ. ಬ್ಯಾಗ್ ತಗೊಂಡು ಬನ್ನಿ."