ಅಜ್ಜನಿಗಲ್ಲ, ಚೆಲ್ಲಿದ್ದಕ್ಕೆ

ಈ ಮಂಗಳವಾರ ಬೆಳಿಗ್ಗೆ, ಅಮೆರಿಕದ ಸನ್ನಿವೇಲ್‌ನಲ್ಲಿರುವ ಮಗಳ ಮನೆಯ ಅಡುಗೆಕಟ್ಟೆಯ ಮುಂದೆ ನಿಂತು, ಡಿಕಾಕ್ಷನ್ ಪೂರ್ತಿ ಇಳಿಯುವ ಮೊದಲೇ ಆತುರಪಟ್ಟು ಫಿಲ್ಟರಿನ ಮೇಲಿನ ಡಬ್ಬಿಯನ್ನು ಎತ್ತಿಬಿಟ್ಟೆ. ತೀರ್ಥಹಳ್ಳಿಯಿಂದ ತಂದ ಪುಡಿಯ ಕೊನೆಯ ನಾಲ್ಕು ಚಮಚ ಅದರಲ್ಲಿತ್ತು. ಕಪ್ಪು ನೀರು ಬಿಳಿಯ ಕಲ್ಲಿನ ಮೇಲೆ ಹರಡಿ, ಅಂಚಿನಿಂದ ತೊಟ್ಟಿಕ್ಕಿ, ನನ್ನ ಪಂಚೆಯನ್ನೂ ತೋಯಿಸಿತು. ಫ್ರಿಜ್ಜಿನ ಬಾಗಿಲು ತೆಗೆದು ಹಾಲು ಹುಡುಕುತ್ತಿದ್ದ 14 ವರ್ಷದ ಮೊಮ್ಮಗ ತಿರುಗಿ ನೋಡಿ, "ಡ್ಯೂ...ಡ್" ಎಂದ.

ಮಗಳು ಸಿಡಿದಳು. "ಅಜ್ಜನಿಗೆ ಹಾಗೆ ಹೇಳೂದೇನೋ?"

"ಅಜ್ಜನಿಗಲ್ಲಮ್ಮ, ಚೆಲ್ಲಿದ್ದಕ್ಕೆ" ಎಂದು ಹುಡುಗ ನನ್ನ ಕೈಗೆ ಒರೆಸುವ ಬಟ್ಟೆ ಕೊಟ್ಟು ಶಾಲೆಗೆ ಹೊರಟುಹೋದ.

31 ವರ್ಷ ಕನ್ನಡ ವ್ಯಾಕರಣ ಪಾಠ ಮಾಡಿದ ನನಗೆ ಆ ಉತ್ತರ ಇಡೀ ದಿನ ಬಿಡಲಿಲ್ಲ. ಸಂಬೋಧನೆ ಎಂದ ಮೇಲೆ ಅದು ಯಾರನ್ನಾದರೂ ಕುರಿತಿರಬೇಕು. ಚೆಲ್ಲಿಹೋದ ಡಿಕಾಕ್ಷನ್ನನ್ನು ಸಂಬೋಧಿಸುವುದು ಹೇಗೆ? ಅದೂ ಅಲ್ಲದೆ, ಅವನ ಬಾಯಲ್ಲಿ ಆ ಸ್ವರ ಎರಡು ಮಾತ್ರೆಗೆ ನಿಲ್ಲದೆ ಮೂರಕ್ಕೆ ಎಳೆದಿತ್ತು. ಪ್ಲುತ! ದೂರದಲ್ಲಿರುವವರನ್ನು ಕರೆಯುವಾಗ ಬರುತ್ತದೆ ಎಂದು ಮಕ್ಕಳಿಗೆ ಉರುಹೊಡೆಸಿದ ಪ್ಲುತವನ್ನು ಈ ಹುಡುಗ ಮೂರಡಿ ಅಂತರದಲ್ಲಿ ನಿಂತು ಪ್ರಯೋಗಿಸಿದ್ದ.

ಅಳಿಯನನ್ನು ಕೇಳಿದರೆ, "ಅದಕ್ಕೆ ಅರ್ಥ ಅಂತ ಏನೂ ಇಲ್ಲ ಮಾವ" ಎಂದು ಲ್ಯಾಪ್‌ಟಾಪಿನತ್ತ ತಿರುಗಿದ. ಅಳಿಯ ಒಳ್ಳೆಯವನು, ಆದರೆ ಕುತೂಹಲವೆಂಬುದನ್ನು ದೇವರು ಅವನ ಪಾಲಿಗೆ ಅಷ್ಟಾಗಿ ಇಟ್ಟಿಲ್ಲ. ಹಾಗಾಗಿ ನಾನೇ ಹುಡುಕಲು ಕೂತೆ. 1883ರಲ್ಲಿ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಏಕಾಏಕಿ ಹಬ್ಬಿದ ಈ ಮಾತು ಆಗ ಶುದ್ಧ ಗೇಲಿಯಾಗಿತ್ತು: ಇಂಗ್ಲೆಂಡಿನ ಸಿರಿವಂತರ ಉಡುಪು ಮತ್ತು ಉಚ್ಚಾರಣೆಯನ್ನು ಅನುಕರಿಸುತ್ತ, ಬಿಗಿ ಪ್ಯಾಂಟು ತೊಟ್ಟು ಬೆತ್ತ ಹಿಡಿದು ತಿರುಗುವ ಷೋಕಿಲಾಲನೇ ಡ್ಯೂಡ್. 'ಯಾಂಕಿ ಡೂಡಲ್' ಹಾಡಿನ ಡೂಡಲ್‌ನಿಂದ ಬಂದಿರಬೇಕೆಂದು ಪದಮೂಲ ಹುಡುಕುವವರು ಹೇಳುತ್ತಾರೆ. ವಯೋಮಿಂಗ್, ಮೊಂಟಾನಾ ಕಡೆಯ ದನಗಾಹಿಗಳಿಗೆ, ದುಡ್ಡು ಕೊಟ್ಟು ನಾಲ್ಕು ದಿನ ಕುದುರೆ ಹತ್ತಲು ಬರುವ ಪೂರ್ವ ತೀರದ ಪಟ್ಟಣಿಗ ಡ್ಯೂಡ್ ಆದ. ಅಂಥವರಿಗಾಗಿ ನಡೆಸುವ ಡ್ಯೂಡ್ ರ್‍ಯಾಂಚ್‌ಗಳು ಅಲ್ಲಿ ಇಂದಿಗೂ ಇವೆ. ಬೈಗುಳ ಗೆಳೆತನದ ಮಾತಾದದ್ದು ಮುಂದಿನ ಶತಮಾನದಲ್ಲಿ, ಆಫ್ರಿಕನ್ ಅಮೆರಿಕನ್ ಮತ್ತು ಮೆಕ್ಸಿಕನ್ ಮೂಲದ ಯುವಕರ ಬಾಯಲ್ಲಿ. ಕ್ಯಾಲಿಫೋರ್ನಿಯಾದ ಕಡಲಲೆಗಳ ಮೇಲೆ ಹಲಗೆ ಹಿಡಿದು ಜಾರುವ ಹುಡುಗರು ಅದನ್ನು ಎತ್ತಿಕೊಂಡ ಮೇಲೆ ಅದು ದೇಶಕ್ಕೆಲ್ಲ ಹರಡಿತು.

ಬುಧವಾರದಿಂದ ನಾನು ಕಿವಿ ತೆರೆದುಕೊಂಡೇ ಇದ್ದೆ. ಮನೆಯ ಮುಂದೆ ಬಾಸ್ಕೆಟ್‌ಬಾಲ್ ಆಡುವಾಗ ಗೆಳೆಯ ಗುರಿ ತಪ್ಪಿದರೆ ಮೊಟಕಾದ ಒಂದು ಡ್ಯೂಡ್. ಚೆಂಡು ಬುಟ್ಟಿಯೊಳಗೆ ಬಿದ್ದರೆ ಕುಣಿಯುವ ಡ್ಯೂಡ್. ಒಬ್ಬ ಹುಡುಗನನ್ನು ಶಾಲೆಯ ತಂಡದಿಂದ ಕೈಬಿಟ್ಟಿದ್ದರಂತೆ. ಅವನ ಪಕ್ಕ ಮೆಟ್ಟಿಲ ಮೇಲೆ ಕೂತು ನಮ್ಮವನು ತಗ್ಗಿದ ದನಿಯಲ್ಲಿ ಅದೇ ಒಂದು ಮಾತನ್ನು ಹೇಳಿ ಸುಮ್ಮನಾದ. ಅದಕ್ಕಿಂತ ಚೆನ್ನಾಗಿ ಸಮಾಧಾನ ಹೇಳಲು ನನಗೂ ಬರುತ್ತಿರಲಿಲ್ಲ. ಗುರುವಾರ ಸಂಜೆ, ಸಿಗ್ನಲ್ ಹತ್ತಿರ ಒಂದು ಕಾರು ಅಡ್ಡ ನುಗ್ಗಿದಾಗ, ಮಗನಿಗೆ ಅಷ್ಟೆಲ್ಲ ಬೈದಿದ್ದ ನನ್ನ ಮಗಳ ಬಾಯಿಂದಲೂ ಅದೇ ಹೊರಟಿತು. ನಾನು ಕಿಟಕಿಯಾಚೆ ನೋಡುತ್ತಿದ್ದವನಂತೆ ಕುಳಿತೆ.

ಅಷ್ಟು ಹೊತ್ತಿಗೆ ನನಗೆ ನಮ್ಮ ಕಡೆಯ 'ಮಾರಾಯ' ನೆನಪಾಗಿತ್ತು. ಮಹಾರಾಯನೆಂಬ ದೊಡ್ಡ ಮಾತು ಸವೆದು ಸವೆದು ಮಲೆನಾಡಿನಲ್ಲೂ ಕರಾವಳಿಯಲ್ಲೂ ಎಲ್ಲರ ನಾಲಿಗೆಗೂ ಒದಗುವಂತಾಗಿದೆ. "ಹೌದಾ ಮಾರಾಯ" ಎಂದರೆ ಬೆರಗು, "ಸಾಕು ಮಾರಾಯ" ಎಂದರೆ ಬೇಸರ, "ಬಾ ಮಾರಾಯ" ಎಂದರೆ ಅಂಗಲಾಚುವಿಕೆ. ಜೋರು ಮಳೆಗೆ ಅಂಗಳದ ಅಡಿಕೆ ನೆನೆದಾಗ, ಸುತ್ತ ಒಬ್ಬರೂ ಇಲ್ಲದಿದ್ದರೂ, ನನ್ನ ಅಪ್ಪ "ಎಂಥ ಮಳೆ ಮಾರಾಯ" ಎನ್ನುತ್ತಿದ್ದರು. ಅವರೂ ಯಾರಿಗೂ ಹೇಳಿದ್ದಲ್ಲ, ನೆನೆದದ್ದಕ್ಕೆ ಹೇಳಿದ್ದು. ನನ್ನ ವ್ಯಾಕರಣದ ತಕರಾರು ಅಲ್ಲಿಗೆ ಮುಗಿಯಿತು.

ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಹೆಣ್ಣಿಗೆ ಮಾರಾಯ್ತಿ, ಹಿರಿಯರಿಗೆ ಮಾರಾಯ್ರೆ. ಮೊಮ್ಮಗ "ಎಂಥ ಮಾಡಿದ್ರಿ ಮಾರಾಯ್ರೆ" ಎಂದಿದ್ದರೆ ನಾನು ನಕ್ಕುಬಿಡುತ್ತಿದ್ದೆ, ಮಗಳೂ ನಗುತ್ತಿದ್ದಳು. ಅವನ ಮಾತಿಗೆ ಗೌರವದ ಬಹುವಚನವೇ ಇಲ್ಲ. ಇಲ್ಲದ್ದನ್ನು ಅವನು ಎಲ್ಲಿಂದ ತರಬೇಕು?

ಸ್ಕಾಟ್ ಕೀಸ್ಲಿಂಗ್ ಎಂಬ ಅಮೆರಿಕದ ಭಾಷಾವಿಜ್ಞಾನಿ 2004ರಲ್ಲಿ ಈ ಒಂದೇ ಪದದ ಮೇಲೆ ದೀರ್ಘ ಪ್ರಬಂಧ ಬರೆದಿದ್ದಾರೆ. ಹುಡುಗರು ಇದನ್ನು ಬಳಸುವುದು ಪರಸ್ಪರ ಹತ್ತಿರದವರೆಂದು ತೋರಿಸಿಕೊಳ್ಳಲು, ಆದರೆ ತೀರಾ ಹತ್ತಿರದವರೆಂದು ತೋರದಿರಲು ಎಂಬುದು ಅವರ ವಾದದ ತಿರುಳು. ಇದನ್ನು ಓದಿ ನಾನು ಕನ್ನಡಕ ತೆಗೆದಿಟ್ಟು ಸುಮ್ಮನೆ ಕೂತೆ. ಕಾಲೇಜಿಗೆ ಸೇರಿದ ದಿನದಿಂದ ನಾನು ಸರ್, ಇಲ್ಲವೇ ಮೇಷ್ಟ್ರು. ಮನೆಯಲ್ಲಿ ಅಪ್ಪಯ್ಯ, ಮಾವ, ಅಜ್ಜ. ಎಲ್ಲವೂ ಒಂದು ಕುರ್ಚಿ ಎಳೆದು ಕೂರಿಸಿ ದೂರ ಸರಿಯುವ ಮಾತುಗಳು. ನನ್ನನ್ನು ಮಾರಾಯ ಎನ್ನಲು ಉಳಿದಿದ್ದವನು ಒಬ್ಬನೇ ಒಬ್ಬ ಗೆಳೆಯ. ಸಂಜೆ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನಾನು ಕಾಫಿ ಚೆಲ್ಲಿಕೊಂಡರೆ, ಎದುರು ಕೂತು, ಕರವಸ್ತ್ರವನ್ನೂ ಕೊಡದೆ, "ಎಂಥ ಮಾರಾಯ" ಎಂದು ಮೂರು ಮಾತ್ರೆ ಎಳೆದು ನಗುತ್ತಿದ್ದ. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡ.

ಇಂದು ಬೆಳಿಗ್ಗೆ ಇಲ್ಲಿನ ಇಂಡಿಯನ್ ಅಂಗಡಿಯ ಪುಡಿ ಹಾಕಿ, ಡಿಕಾಕ್ಷನ್ ಇಳಿಯುವವರೆಗೂ ಕೈಕಟ್ಟಿ ಕಾದೆ. ಮೊಮ್ಮಗ ಬಂದು ಫಿಲ್ಟರನ್ನು ನೋಡಿದ, ಬಾಗಿಲ ಬಳಿ ನಿಂತಿದ್ದ ಅಮ್ಮನನ್ನು ನೋಡಿದ. ಆಮೇಲೆ ಬಲು ಜಾಗರೂಕನಾಗಿ, "ಕಾಫಿ ಆಯ್ತಾ, ಅಜ್ಜ?" ಎಂದ.

ಆ 'ಅಜ್ಜ'ದಲ್ಲಿ ಮಾತ್ರೆಗಳೆಲ್ಲ ಲೆಕ್ಕಕ್ಕೆ ಸರಿಯಾಗಿದ್ದವು.